ಟೊಳ್ಳು ಚಪ್ಪಡಿ

ಥಾರ್ನ್‌ಕ್ಲಫ್, ಲ್ಯಾಂಕಶೈರ್
೧೯ ಅಕ್ಟೋಬರ್ ೧೯೮೬

ರಸೆಲ್ ಕಂದಾ,

ನೀನು ಕಲೋನ್ ಮುಟ್ಟಿದ ಕಾರ್ಡು ಗುರುವಾರ ಬಂತು. ಚರ್ಚಿನ ಚಿತ್ರವೇನೋ ಚೆನ್ನಾಗಿದೆ, ಆದರೆ ಹಿಂದೆ ಬರೆದದ್ದು ಒಂದೇ ಸಾಲು. ಅಕ್ಕ ತೀರಿಕೊಂಡ ದಿನದಿಂದ ನಿನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮನಿಗೆ ಒಂದೇ ಸಾಲು ಸಾಕೇನೋ? ಜರ್ಮನಿಯಲ್ಲಿ ಇಟ್ಟಿಗೆ ಕಟ್ಟುವವರಿಗೆ ಪೆನ್ನು ಸಿಗುವುದಿಲ್ಲವೆಂದು ಕಾಣುತ್ತದೆ.

ಹೊರಡುವ ದಿನ ನೀನು ನಡೆದುಕೊಂಡ ರೀತಿ ನನಗೆ ಅರ್ಥವಾಗಲಿಲ್ಲ. ಹಂದಿಮಾಂಸದ ಕಡುಬು ಮಾಡಿಟ್ಟಿದ್ದೆ, ಮುಟ್ಟಲಿಲ್ಲ. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ವ್ಯಾನು ಹಾರನ್ ಹೊಡೆದದ್ದೇ ತಡ, ನೀನು ಓಡಿದೆ. ದೂರದ ಊರಿಗೆ ಹೋಗುವ ದಿಗಿಲು ಇರಬೇಕೆಂದು ಸುಮ್ಮನಾದೆ.

ಇರಲಿ. ನೀನು ಹಾಕಿಕೊಟ್ಟ ಹಿತ್ತಲಿನ ಕಲ್ಲುಹಾಸು ತುಂಬ ಚೆನ್ನಾಗಿದೆ. ನೋಡಿದವರೆಲ್ಲ ಹೊಗಳುತ್ತಾರೆ. ಪಕ್ಕದ ಮನೆಯ ಮ್ಯೂರಿಯಲ್ ಬೇಲಿಯ ಮೇಲಿಂದ ಇಣುಕಿ, "ಏನೇ ಈನಿಡ್, ಪ್ಯಾಟಿಯೊ ಹಾಕ್ಸಿಬಿಟ್ಟೆ! ನಿಜ ಹೇಳು, ನಿನ್ನ ಗಂಡ ವಿಲ್ಫ್‌ನ ಚರ್ಚ್ ಹಿಂದೆ ಹೂತ್ರಾ, ಇಲ್ಲ ಇದರ ಕೆಳಗೇ ಮಲಗ್ಸಿದೀಯಾ?" ಎಂದು ಕಿಸಿಕಿಸಿ ನಕ್ಕಳು. "ಚರ್ಚ್ ಹಿಂದೆನೇ ಕಣೇ. ಇಲ್ಲಿ ಇನ್ನೊಬ್ಬರಿಗೆ ಜಾಗ ಇದೆ, ಬರ್ತೀಯಾ?" ಎಂದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮಳೆ ಬಂದರೆ ನೀರು ಆಚೆಗೆ ಹರಿಯದೆ ಅಡುಗೆಮನೆ ಬಾಗಿಲಿಗೇ ಬರುತ್ತದೆ. ಒಂದು ಗೋಣಿ ಹಾಕಿದ್ದೇನೆ, ಪರವಾಗಿಲ್ಲ. ಕೆಲವು ಚಪ್ಪಡಿ ಕಾಲಿಟ್ಟರೆ ಅಲ್ಲಾಡುತ್ತವೆ, ಅದೂ ಪರವಾಗಿಲ್ಲ. ನಿನ್ನ ಚಿಕ್ಕಪ್ಪನ ಅಭ್ಯಾಸ ನೆನಪಿದೆಯಲ್ಲ? ನಗರಸಭೆಯ ರಸ್ತೆಗಳಿಗೆಲ್ಲ ಕಲ್ಲು ಹಾಸಿದವನು, ಎಲ್ಲಿ ಹೋದರೂ ಹಾರೆಯ ತುದಿಯಿಂದ ಕಲ್ಲು ಬಡಿದು ನೋಡುತ್ತಿದ್ದ. ಟಕ್ ಎಂದರೆ ಕೆಳಗೆ ಗಾರೆ ತುಂಬಿದೆ, ಡಬ್ ಎಂದರೆ ಟೊಳ್ಳು. ಅದು ನೆನಪಾಗಿ ನಾನೂ ಕಸಪೊರಕೆಯ ಹಿಡಿಯಿಂದ ಬಡಿದು ನೋಡಿದೆ. ಸುಮಾರು ಕಲ್ಲು ಡಬ್ ಎಂದವು. ನನಗೇನು ಗೊತ್ತಾಗುತ್ತದೆ ಬಿಡು, ಅದು ಪೊರಕೆ, ಹಾರೆಯಲ್ಲ.

ಗೋಡೆಯ ಮೂಲೆಯ ದೊಡ್ಡ ಚಪ್ಪಡಿಯ ಮೇಲೆ ಕುರ್ಚಿ ಹಾಕಿದ್ದೇನೆ. ಸಂಜೆಯ ಕೊನೆಯ ಬಿಸಿಲು ಬೀಳುವುದು ಅಲ್ಲೇ.

ಅಂದಹಾಗೆ, ಮಣ್ಣು ಮಾಡಿ ಬಂದ ದಿನ ನಿನಗೆ ಕೊಟ್ಟೆನಲ್ಲ, ಚಿಕ್ಕಪ್ಪನ ಹಾರೆ, ಅದನ್ನು ಜೊತೆಯಲ್ಲೇ ಒಯ್ದೆಯಾ? ಮನೆಯಲ್ಲಿ ಕಾಣುತ್ತಿಲ್ಲ. ಜೋಪಾನ.

ನಿನ್ನ ದಾರಿ ಕಾಯುವ
ಈನಿಡ್ ಚಿಕ್ಕಮ್ಮ

---

ಕಲೋನ್
೨೮ ಅಕ್ಟೋಬರ್ ೧೯೮೬

ಪ್ರೀತಿಯ ಚಿಕ್ಕಮ್ಮ,

ಒಂದೇ ಸಾಲು ಬರೆದದ್ದಕ್ಕೆ ಬಯ್ಯಬೇಡ. ಇಲ್ಲಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಎಳೆದುಕೊಂಡು ಹೋಗುತ್ತಾರೆ. ಊಟಕ್ಕೆ ಆಲೂಗೆಡ್ಡೆ, ಮತ್ತೆ ಆಲೂಗೆಡ್ಡೆ. ನಿನ್ನ ಕಡುಬು ಬಿಟ್ಟು ಬಂದ ಪಾಪ ಅನುಭವಿಸುತ್ತಿದ್ದೇನೆ.

ಚಿಕ್ಕಪ್ಪನ ಹಾರೆ ನನ್ನ ಹತ್ತಿರವೇ ಇದೆ. ದಿನಾ ಬಳಸುತ್ತೇನೆ.

ಒಂದು ಮಾತು. ಕುರ್ಚಿಯನ್ನು ಆ ಮೂಲೆಯಲ್ಲಿ ಹಾಕಬೇಡ. ಸಿಮೆಂಟು ಇನ್ನೂ ಹಸಿ ಇರುತ್ತದೆ. ಅಲ್ಲಿ ಗಾಳಿಯೂ ಜಾಸ್ತಿ, ನಿನ್ನ ಸೊಂಟನೋವಿಗೆ ಆಗುವುದಿಲ್ಲ. ಅಡುಗೆಮನೆ ಬಾಗಿಲ ಹತ್ತಿರವೇ ಕೂತುಕೋ. ಮರೆಯಬೇಡ.

ನಿನ್ನ
ರಸೆಲ್

---

ಥಾರ್ನ್‌ಕ್ಲಫ್
೧೬ ನವೆಂಬರ್ ೧೯೮೬

ರಸೆಲ್ ಕಂದಾ,

ಸಿಮೆಂಟು ತಿಂಗಳುಗಟ್ಟಲೆ ಹಸಿ ಇರುತ್ತದೆಂದು ನನಗೆ ಹೇಳಿಕೊಡುತ್ತೀಯಾ? ಕಲ್ಲು ಹಾಸುವವನ ಜೊತೆ ಸಂಸಾರ ಮಾಡಿದವಳು ನಾನು. ಕುರ್ಚಿ ಮೂಲೆಯಲ್ಲೇ ಇದೆ, ಅಲ್ಲೇ ಇರುತ್ತದೆ. ಯಾಕೆಂದು ಹೇಳುತ್ತೇನೆ. ನಗಬೇಡ, ಮ್ಯೂರಿಯಲ್‌ಗಂತೂ ಹೇಳಲೇಬೇಡ.

ವಿಲ್ಫ್ ಬಂದಿದ್ದಾನೆ.

ಹುಚ್ಚು ಹಿಡಿದಿಲ್ಲ ನನಗೆ. ಐದನೇ ತಾರೀಕು ಊರವರೆಲ್ಲ ಹಬ್ಬದ ಬೆಂಕಿ ಹಾಕಿದ ಮಾರನೆಯ ದಿನ ಮಿಕ್ಕಿದ್ದ ಶುಂಠಿ ಕೇಕು, ಚಹಾ ತೆಗೆದುಕೊಂಡು ಹೊರಗೆ ಕೂತಿದ್ದೆ. ಬಿಸಿಲು ಗೋಡೆ ದಾಟಿ ಹೋಗಿ ಮಬ್ಬು ಕವಿಯುತ್ತಿತ್ತು. ಕಾಲ ಕೆಳಗೆ ಯಾರೋ ಬಡಿದರು. ಎರಡು ಬೇಗ ಬೇಗ, ಆಮೇಲೆ ತಡೆದು ಒಂದು. ಟಕ್‌ಟಕ್... ಟಕ್. ಬಟ್ಟಲು ಕೈಯಲ್ಲೇ ಉಳಿಯಿತು. ಅದು ಅವನ ಬಡಿತ ಕಣೋ. ರಸ್ತೆಯ ಕೆಲಸ ಮುಗಿದ ಮೇಲೆ ಹಾಗೇ ಬಡಿಯುತ್ತ ಹೋಗುತ್ತಿದ್ದದ್ದನ್ನು ಎಷ್ಟು ಸಲ ಕಿಟಕಿಯಿಂದ ಕೇಳಿದ್ದೇನೆ! ಅದು ಏನಕ್ಕೆಂದು ನಾನು ಯಾವತ್ತೂ ಕೇಳಲಿಲ್ಲ, ಕೆಲಸದವರ ಏನೋ ಲೆಕ್ಕ ಇರಬೇಕು. ಆ ತಾಳ ಮಾತ್ರ ಮರೆಯುವುದಿಲ್ಲ.

ಅಂದಿನಿಂದ ದಿನಾ ಸಂಜೆ ಬರುತ್ತಾನೆ. ಎರಡು ಬಟ್ಟಲು ಇಡುತ್ತೇನೆ. ಊರಿನ ಸುದ್ದಿ ಹೇಳುತ್ತೇನೆ. ನಿನ್ನ ವಿಷಯ ಹೇಳಿದಾಗ ಸ್ವಲ್ಪ ಜೋರಾಗಿ ಬಡಿಯುತ್ತಾನೆ. ನೀನು ಅಷ್ಟು ದೂರ ಹೋದದ್ದು ಅವನಿಗೆ ಬೇಸರ ಇರಬೇಕು. ಎರಡು ವರ್ಷ ಆಗಿತ್ತು ರಸೆಲ್, ಈ ಮನೆಯಲ್ಲಿ ನನ್ನ ಮಾತಿಗೆ ಒಂದು ಉತ್ತರ ಬಂದು. ಈಗ ಸಂಜೆ ಆಗುವುದನ್ನೇ ಕಾಯುತ್ತೇನೆ.

ಬೆಕ್ಕು ಮಾತ್ರ ಆ ಕಲ್ಲನ್ನು ಬಳಸಿಕೊಂಡು ಹೋಗುತ್ತದೆ. ಅದಕ್ಕೂ ವಿಲ್ಫ್‌ಗೂ ಮೊದಲಿಂದ ಆಗಿಬರುವುದಿಲ್ಲ.

ಚಳಿಗೆ ಉಣ್ಣೆಯ ಕೈಗವಸು ಹೆಣೆಯುತ್ತಿದ್ದೇನೆ.

ನಿನ್ನ
ಈನಿಡ್ ಚಿಕ್ಕಮ್ಮ

---

ಕಲೋನ್
೨೫ ನವೆಂಬರ್ ೧೯೮೬

ಕ್ಲಿಫ್,

ಇದನ್ನು ಓದಿ ಒಲೆಗೆ ಹಾಕಿಬಿಡು. ಬಿಸಿ ತುಪ್ಪ ಗಂಟಲಲ್ಲಿ ಇಟ್ಟುಕೊಂಡು ಕೂತಿದ್ದೇನೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಈ ಕಸಬಿನಲ್ಲಿ ನನ್ನ ಜೊತೆಗಾರ ನೀನೊಬ್ಬನೇ. ನಿನಗಲ್ಲದೆ ಯಾರಿಗೆ ಹೇಳಲಿ?

ಚಿಕ್ಕಮ್ಮನ ಹಿತ್ತಲಿನ ಕೆಲಸದ ಕೊನೆಯ ದಿನ ನೀನು ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ವ್ಯಾನು ಹೊರಡುವುದಿತ್ತು. ಅಗೆಯಬೇಕಾದಷ್ಟು ಅಗೆಯಲಿಲ್ಲ, ಜಲ್ಲಿ ಹಾಕಿ ಕುಟ್ಟಲಿಲ್ಲ. ಪ್ರತಿ ಚಪ್ಪಡಿಯ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ, ನಡುವೆ ಒಂದು, ಅಷ್ಟೇ. ಅವಸರದವರೆಲ್ಲ ಮಾಡುವುದು ಅದನ್ನೇ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಚಿಕ್ಕಪ್ಪ ಇದ್ದಿದ್ದರೆ ಕಿವಿ ಹಿಂಡಿ ಎಲ್ಲವನ್ನೂ ಕೀಳಿಸುತ್ತಿದ್ದ. "ಮನುಷ್ಯನಿಗೆ ಹೇಗೋ ಕಲ್ಲಿಗೂ ಹಾಗೇ ಕಣೋ, ಬೆನ್ನಿನ ಕೆಳಗೆ ಪೂರ್ತಿ ಹಾಸಿಗೆ ಬೇಕು" ಎನ್ನುತ್ತಿದ್ದ.

ಅದಾದರೂ ಹೋಗಲಿ. ಮೂಲೆಯ ಮಣ್ಣಿನಲ್ಲಿ ಒಂದು ಬೇರು ಅಡ್ಡ ಬಂತು. ಚಿಕ್ಕಪ್ಪನ ಹಾರೆಯಿಂದ ಬಲವಾಗಿ ಮೀಟಿದೆ. ಹಾರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಕೈಯಿಂದ ಜಾರಿತು, ಹೋಯಿತು. ಕ್ಲಿಫ್, ಅದು ತಳ ಮುಟ್ಟಿದ ಸದ್ದು ನನಗೆ ಕೇಳಿಸಲೇ ಇಲ್ಲ. ತೂತಿನಿಂದ ತಣ್ಣನೆಯ ಗಾಳಿ ಬಂತು, ಹಳೆಯ ನೀರಿನ ವಾಸನೆ. ಕೊಳೆತ ಹಲಗೆಗಳ ಮೇಲೆ ಯಾವ ಕಾಲದಲ್ಲೋ ಮಣ್ಣು ಮುಚ್ಚಿದ ಬಾವಿ ಅದು. ನಲ್ಲಿ ಬರುವ ಮುಂಚೆ ಈ ಸಾಲಿನ ಮನೆಗಳಿಗೆಲ್ಲ ಒಂದೇ ಬಾವಿ ಇದ್ದಿರಬೇಕು.

ಚಿಕ್ಕಮ್ಮ ಒಳಗಿನಿಂದ, "ಚಹಾ ಆಯ್ತು ಬಾರೋ, ಎಷ್ಟು ಚೆನ್ನಾಗಿ ಮಾಡಿದೀಯ!" ಎಂದು ಕೂಗಿದಳು. ಆ ಮಾತು ಕೇಳಿದ ಮೇಲೆ ಬಾಯಿ ಬರಲಿಲ್ಲ. ಕಲ್ಲಿದ್ದಲ ಕೊಟ್ಟಿಗೆಯ ಹಳೆಯ ಬಾಗಿಲನ್ನು ತೂತಿನ ಮೇಲೆ ಎಳೆದೆ. ಅದರ ಮೇಲೆ ಗಾರೆ, ಅದರ ಮೇಲೆ ದೊಡ್ಡ ಚಪ್ಪಡಿ. ಈಗ ಚಿಕ್ಕಮ್ಮ ದಿನಾ ಸಂಜೆ ಕುರ್ಚಿ ಹಾಕಿಕೊಂಡು ಕೂರುವುದು ಸರಿಯಾಗಿ ಅದರ ಮೇಲೇ. ಕೊಟ್ಟಿಗೆಯ ಬಾಗಿಲು ಎಷ್ಟು ದಿನ ತಡೆದೀತು?

ಇನ್ನೊಂದಿದೆ. ಕೆಳಗಿನಿಂದ ಚಿಕ್ಕಪ್ಪ ಬಡಿಯುತ್ತಾನೆಂದು ಬರೆದಿದ್ದಾಳೆ. ಎರಡು ಬೇಗ, ಒಂದು ನಿಧಾನ. ಅದರ ಅರ್ಥ ಅವಳಿಗೆ ಗೊತ್ತಿಲ್ಲ. ನಿನಗೆ ಗೊತ್ತು, ನನಗೂ ಗೊತ್ತು. ಅವನ ಕೈಕೆಳಗೆ ನಾವು ಕಲಿಯುವಾಗ ಕೆಟ್ಟ ಕಲ್ಲಿನ ಮೇಲೆ ಹಾಗೆ ಬಡಿದು ಮುಂದೆ ಹೋಗುತ್ತಿದ್ದ. ಬಾಯಿ ಬಿಟ್ಟು ಬಯ್ಯುತ್ತಿರಲಿಲ್ಲ. ಇದನ್ನು ಎತ್ತು, ಮತ್ತೆ ಹಾಸು ಎಂದು ಅರ್ಥ.

ನಾನು ರಾತ್ರಿ ಕಣ್ಣು ಮುಚ್ಚುತ್ತಿಲ್ಲ. ನೀನು ಏನಾದರೂ ನೆಪ ಹೇಳಿ ಹೋಗು. ಆ ಚಪ್ಪಡಿ ಎತ್ತಿ, ಹೊಂಡ ತುಂಬಿಸಿ, ಸರಿಯಾಗಿ ಹಾಸಿಬಿಡು. ಬಾವಿಯ ವಿಷಯ ಅವಳ ಕಿವಿಗೆ ಬೀಳುವುದು ಬೇಡ. ಕೈ ಮುಗಿಯುತ್ತೇನೆ.

ರಸೆಲ್

---

ಥಾರ್ನ್‌ಕ್ಲಫ್
೭ ಡಿಸೆಂಬರ್ ೧೯೮೬

ರಸೆಲ್,

ಮಾರಾಯ, ಎಂಥ ಕೆಲಸ ಮಾಡಿಟ್ಟು ಹೋದೆಯೋ. ನಿನ್ನ ಕಾಗದ ಓದಿ ಮೊದಲು ನಿನ್ನನ್ನು ಬಾಯಿಗೆ ಬಂದಂತೆ ಬಯ್ದೆ. ನನ್ನ ಹೆಂಡತಿ ಯಾರನ್ನು ಬಯ್ಯುತ್ತಿದ್ದೀರಿ ಎಂದು ಕೇಳಿದಳು. ಜರ್ಮನಿಯನ್ನು ಎಂದೆ.

ನಿನ್ನೆ ಹೋಗಿದ್ದೆ. ಉಳಿ, ಸುತ್ತಿಗೆ, ಮರಳು ಎಲ್ಲ ಗಾಡಿಯಲ್ಲಿ ಇಟ್ಟುಕೊಂಡೇ ಹೋದೆ. "ಚಳಿಗಾಲಕ್ಕೆ ಮುಂಚೆ ಒಂದ್ಸಲ ನೋಡ್ಬಿಡೋಣ ಅಂತ ಬಂದೆ ಈನಿಡಮ್ಮ, ಮೂಲೆ ಕಲ್ಲು ಸ್ವಲ್ಪ ಎತ್ತಿ ಕೂರಿಸ್ತೀನಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ರಸೆಲ್ ಹೇಳಿ ಕಳಿಸಿದ್ನಾ?"

"ಇಲ್ಲಪ್ಪ, ಇಲ್ಲ. ನಾನೇ ಬಂದೆ."

"ಹಾಗಿದ್ರೆ ಬೇಡ. ಒಬ್ಬರು ಮಾಡಿದ ಕೆಲಸನ ಅವರ ಬೆನ್ನ ಹಿಂದೆ ಕಿತ್ತು ನೋಡೋದು ಮರ್ಯಾದೆ ಅಲ್ಲ. ಹುಡುಗ ಚೆನ್ನಾಗೇ ಮಾಡಿದಾನೆ. ಕೂತ್ಕೋ, ಚಹಾ ಕುಡಿ."

ಕೂತೆ. ಅವರು ಮೂಲೆಯಲ್ಲಿ, ನಾನು ಬಾಗಿಲ ಹತ್ತಿರ. ತಟ್ಟೆಯಲ್ಲಿ ಮೂರು ಬಟ್ಟಲು. ಮೂರನೆಯದಕ್ಕೂ ಚಹಾ ಸುರಿದು, ಎರಡು ಚಮಚ ಸಕ್ಕರೆ ಹಾಕಿ, ಕಲಕಿ, ಚಪ್ಪಡಿಯ ಮೇಲೆ ಇಟ್ಟರು. ನಾನು ಬಾಯಿ ಬಿಡಬೇಕೆಂದೇ ಇದ್ದೆ. ಆಣೆ ಮಾಡಿ ಹೇಳುತ್ತೇನೆ, ಬಾಯಿ ಬಿಟ್ಟೂ ಬಿಟ್ಟೆ. ಅಷ್ಟರಲ್ಲಿ ಅದು ಕೇಳಿಸಿತು.

ಚಳಿ ಇಳಿಯುವಾಗ ಮರ ಬಿಗಿದು ಸದ್ದು ಮಾಡುತ್ತದೆ, ಬಾವಿಯಲ್ಲಿ ನೀರು ತೊಟ್ಟಿಕ್ಕುತ್ತದೆ ಎಂದೆಲ್ಲ ದಾರಿಯುದ್ದ ನನಗೆ ನಾನೇ ಹೇಳಿಕೊಂಡು ಹೋಗಿದ್ದೆ. ಅದು ಮರವಲ್ಲ ರಸೆಲ್. ನೀರೂ ಅಲ್ಲ. ಕಲ್ಲಿಗೆ ಕಬ್ಬಿಣ ತಾಗಿದ ಸದ್ದು ನಿನಗೆ ಗೊತ್ತು, ನನಗೂ ಗೊತ್ತು. ಬಟ್ಟಲಿನಲ್ಲಿದ್ದ ಚಹಾ ಉಂಗುರ ಉಂಗುರವಾಗಿ ನಡುಗಿತು.

ಅವರ ಮುಖ ನೋಡಬೇಕಿತ್ತು ನೀನು. ಮದುವೆ ಹೆಣ್ಣಿನ ಹಾಗೆ ಅರಳಿತು. "ಕೇಳಿಸ್ತಾ? ನಿನ್ನ ನೋಡಿ ಖುಷಿ ಆಗಿದೆ ಅವನಿಗೆ" ಎಂದರು. ಆ ಮುಖಕ್ಕೆ ನಾನು ಏನೆಂದು ಹೇಳಲಿ? ಅದು ಖುಷಿಯ ಬಡಿತವಲ್ಲ, ಮುಂಗೋಪದ ಬಡಿತವೆಂದು ಹೇಳಲೇ?

ಹಾಳು ಚಹಾವನ್ನು ಅರ್ಧಕ್ಕೇ ಕೆಳಗಿಟ್ಟೆ. ಬಂದುಬಿಟ್ಟೆ. ಇನ್ನು ನಾನು ಆ ಹಿತ್ತಲಿಗೆ ಕಾಲಿಡುವುದಿಲ್ಲ, ಹೇಡಿ ಎನ್ನು ಬೇಕಾದರೆ. ಹೇಳಬೇಕಾದವನು ನೀನು. ಅವರು ಕೇಳುವುದೂ ನಿನ್ನ ಮಾತನ್ನೇ. ಬೇಗ ಹೇಳು.

ಕ್ಲಿಫ್

---

ಥಾರ್ನ್‌ಕ್ಲಫ್
೧೮ ಜನವರಿ ೧೯೮೭

ರಸೆಲ್ ಕಂದಾ,

ಕ್ರಿಸ್‌ಮಸ್ಸಿಗೆ ಬರುತ್ತೀಯೆಂದು ಪುಡ್ಡಿಂಗ್ ಮಾಡಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದೆ. ರಜೆ ಸಿಗಲಿಲ್ಲವೆಂದು ಕಾರ್ಡು ಬಂತು. ಹೋಗಲಿ, ಈಸ್ಟರ್‌ಗಾದರೂ ಬಾ, ಅದು ಕೆಡುವುದಿಲ್ಲ. ಕೈಗವಸು ಸರಿಹೋಯಿತೇ? ತಿಳಿಸಲೇ ಇಲ್ಲ.

ಈ ವಾರ ಎಂಥ ಹಿಮ ಬಿತ್ತು ಗೊತ್ತಾ! ಹಾಲಿನವನ ಗಾಡಿ ಬೀದಿಯ ತುದಿಯಲ್ಲೇ ನಿಂತುಬಿಟ್ಟಿತ್ತು. ಬೆಳಿಗ್ಗೆ ಎದ್ದು ಹಿತ್ತಲಿನ ಬಾಗಿಲು ತೆಗೆದೆ. ಮೊಣಕಾಲಿನ ತನಕ ಬಿಳಿ. ಆದರೆ ಮೂಲೆಯಲ್ಲಿ ಮಾತ್ರ ಒಂದು ಚೂರೂ ಇಲ್ಲ. ಚಪ್ಪಡಿ ಚೌಕವಲ್ಲವೇ? ಹಿಮ ಕರಗಿದ್ದು ಚೌಕವಾಗಿ ಅಲ್ಲ, ದುಂಡಗೆ. ಬಳೆ ಇಟ್ಟು ಗೀಚಿದ ಹಾಗೆ. ಕಲ್ಲು ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿತ್ತು, ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು, ಯಾರೋ ಕೆಳಗಿನಿಂದ ಉಸಿರು ಬಿಟ್ಟ ಹಾಗೆ.

ಮ್ಯೂರಿಯಲ್ ಬೇಲಿಯಿಂದ ನೋಡಿದಳು. ಅವಳು ಈ ಸಲ ನಗಲಿಲ್ಲ. "ಈನಿಡ್, ನಂಗ್ಯಾಕೋ ಇದು ಸರಿ ಕಾಣ್ತಿಲ್ಲ. ಅಲ್ಲಿ ಕೂರ್ಬೇಡ ಕಣೇ" ಎಂದಳು. ಅವಳಿಗೆ ಹೊಟ್ಟೆಕಿಚ್ಚು. ಅವಳ ಗಂಡ ಬದುಕಿದ್ದಾಗಲೇ ಅವಳ ಜೊತೆ ಮಾತಾಡುತ್ತಿರಲಿಲ್ಲ.

ನಾನು ಕಂಬಳಿ ಹೊದ್ದು ಅಲ್ಲೇ ಕೂತೆ. ಬಿಸಿಯಾಗಿತ್ತು ರಸೆಲ್, ಒಲೆಯ ಮುಂದೆ ಕೂತ ಹಾಗೆ. ಆದರೆ ನಿನಗೊಂದು ನಿಜ ಹೇಳುತ್ತೇನೆ. ಈಚೆಗೆ ಅವನ ಬಡಿತ ಬದಲಾಗಿದೆ. ಮೊದಲು ಒಂದು ಸಲ ಬಡಿದು ಸುಮ್ಮನಾಗುತ್ತಿದ್ದ. ಈಗ ಮತ್ತೆ ಮತ್ತೆ, ಬಿಡುವೇ ಕೊಡದೆ. ನಾನು ಮಾತಾಡಿದರೂ ನಿಲ್ಲಿಸುವುದಿಲ್ಲ. ಏನೋ ಕೇಳುತ್ತಿದ್ದಾನೆ, ನನಗೆ ತಿಳಿಯುತ್ತಿಲ್ಲ. ಅವನು ಬದುಕಿದ್ದಾಗ ನನ್ನ ಮೇಲೆ ಹೀಗೆ ಸಿಟ್ಟು ಮಾಡಿದವನಲ್ಲ. ನಾನೇನು ತಪ್ಪು ಮಾಡಿದೆ?

ಚಪ್ಪಡಿ ಕುರ್ಚಿಯ ಕಾಲಿನ ಕಡೆ ಸ್ವಲ್ಪ ಇಳಿದಿದೆ. ನನ್ನ ಭಾರಕ್ಕೇ ಇರಬೇಕು, ಹಬ್ಬದ ಕೇಕು ಪೂರ್ತಿ ತಿಂದವಳು ನಾನೊಬ್ಬಳೇ ಅಲ್ಲವೇ.

ನಿನ್ನ
ಈನಿಡ್ ಚಿಕ್ಕಮ್ಮ

---

ಕಲೋನ್
೨೬ ಜನವರಿ ೧೯೮೭

ಚಿಕ್ಕಮ್ಮ,

ಇನ್ನು ಮೇಲೆ ಆ ಮೂಲೆಗೆ ಹೋಗಕೂಡದು. ನಾನು ತಮಾಷೆ ಮಾಡುತ್ತಿಲ್ಲ. ಕೆಳಗೆ ಬಡಿಯುವುದು ಚಿಕ್ಕಪ್ಪನಲ್ಲ, ಚಳಿಗೆ ಕಲ್ಲು ಬಿರಿಯುವ ಸದ್ದು. ಸತ್ತವರು ಚಹಾ ಕುಡಿಯಲು ಬರುವುದಿಲ್ಲ. ಮ್ಯೂರಿಯಲ್ ಹೇಳಿದ್ದೇ ಸರಿ. ಕುರ್ಚಿ ಒಳಗಿಡು, ಹಿತ್ತಲಿನ ಬಾಗಿಲಿಗೆ ಬೀಗ ಹಾಕು. ಇನ್ನು ಏನೂ ಕೇಳಬೇಡ. ಹೇಳಿದಷ್ಟು ಮಾಡು.

ರಸೆಲ್

---

ಥಾರ್ನ್‌ಕ್ಲಫ್
೪ ಫೆಬ್ರವರಿ ೧೯೮೭

ರಸೆಲ್,

ನಿನ್ನ ಕಾಗದ ತಲುಪಿತು. ನನ್ನ ಮನೆಯ ಹಿತ್ತಲಿನಲ್ಲಿ ನಾನು ಎಲ್ಲಿ ಕೂರಬೇಕೆಂದು ನನಗೆ ಗೊತ್ತಿದೆ.

ಕಲ್ಲುಹಾಸು ತುಂಬ ಚೆನ್ನಾಗಿದೆ. ಮತ್ತೊಮ್ಮೆ ಧನ್ಯವಾದ.

ಇತಿ,
ಶ್ರೀಮತಿ ಈನಿಡ್ ಪಿಕರಿಂಗ್

---

ಕಲೋನ್
೨ ಮಾರ್ಚ್ ೧೯೮೭

ಚಿಕ್ಕಮ್ಮ,

ಕಳೆದ ತಿಂಗಳು ನೀನು ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದನ್ನು ನೋಡಿದಾಗ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಅಂದಿನಿಂದ ಎಷ್ಟೋ ಕಾಗದ ಬರೆದು ಹರಿದೆ. ನಿನ್ನ ಮನೆಯಲ್ಲಿ ಫೋನಿಲ್ಲವಲ್ಲ, ನಿನ್ನೆ ಕೆಲಸದ ಜಾಗದ ಫೋನಿನಿಂದ ಮ್ಯೂರಿಯಲ್ ಮನೆಗೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಬ್ಲ್ಯಾಕ್‌ಪೂಲಿಗೆ ಮಗಳ ಮನೆಗೆ ಹೋಗಿದ್ದಾಳೆಂದು ಆಮೇಲೆ ಕ್ಲಿಫ್ ಹೇಳಿದ. ಇವತ್ತೇ ನಿನ್ನ ಮನೆಗೆ ಹೋಗಿ ಹೇಳು ಎಂದರೆ ಅವನೇನೋ ಹೂಂ ಎಂದ. ಆದರೆ ಅವನ ದನಿ ಕೇಳಿದರೆ ಹೋಗುವ ಹಾಗೆ ಕಾಣಲಿಲ್ಲ. ಆದದ್ದಾಗಲಿ ಎಂದು ಬರೆಯುತ್ತಿದ್ದೇನೆ.

ನೀನು ಕೂರುವ ಚಪ್ಪಡಿಯ ಕೆಳಗೆ ಬಾವಿ ಇದೆ. ಹಳೆಯದು, ಆಳವಾದದ್ದು. ಅದರ ಬಾಯಿಗೆ ಕಲ್ಲಿದ್ದಲ ಕೊಟ್ಟಿಗೆಯ ಬಾಗಿಲು ಮುಚ್ಚಿ ಮೇಲೆ ಕಲ್ಲು ಹಾಸಿದ್ದು ನಾನು. ವ್ಯಾನು ತಪ್ಪುತ್ತದೆಂದು ಅವಸರ ಮಾಡಿದೆ. ನೀನು ಚೆನ್ನಾಗಿದೆ ಚೆನ್ನಾಗಿದೆ ಎಂದಷ್ಟೂ ನನ್ನ ನಾಲಿಗೆ ಬಿದ್ದುಹೋಯಿತು. ಇಡೀ ಕೆಲಸವೇ ಕೆಟ್ಟದ್ದು ಚಿಕ್ಕಮ್ಮ. ನೀನು ಪೊರಕೆಯಲ್ಲಿ ಬಡಿದು ಕೇಳಿದ್ದು ಸರಿಯಾಗಿಯೇ ಇತ್ತು.

ಹಿಮ ದುಂಡಗೆ ಕರಗಿದ್ದು ಬಾವಿಯ ಒಳಗಿನ ಗಾಳಿ ಬೆಚ್ಚಗಿರುವುದರಿಂದ. ಬೆಕ್ಕಿಗೆ ಅದು ಮೊದಲೇ ಗೊತ್ತಾಗಿರಬೇಕು.

ಬಡಿತದ ವಿಷಯ ನನಗೆ ಏನು ಹೇಳಬೇಕೋ ತಿಳಿಯದು. ಚಿಕ್ಕಪ್ಪ ಅಲ್ಲ ಎಂದು ಅಷ್ಟು ಒರಟಾಗಿ ಬರೆದೆನಲ್ಲ, ಅದನ್ನು ಬರೆಯುವಾಗ ನಾನೇ ಅದನ್ನು ನಂಬಿರಲಿಲ್ಲ. ಎರಡು ಬೇಗ, ಒಂದು ನಿಧಾನ ಎಂದರೆ ಏನು ಗೊತ್ತಾ? ಕೆಟ್ಟ ಕಲ್ಲನ್ನು ಎತ್ತಿ ಮತ್ತೆ ಹಾಸಲು ಅವನು ನಮಗೆ ಕೊಡುತ್ತಿದ್ದ ಅಪ್ಪಣೆ ಅದು. ಅವನು ನಿನ್ನ ಮೇಲೆ ಸಿಟ್ಟಾಗಿಲ್ಲ. ಅದು ನಿನಗೆ ಹೇಳಿದ ಮಾತೇ ಅಲ್ಲ.

ಶುಕ್ರವಾರ ಇಲ್ಲಿಂದ ಹೊರಡುತ್ತೇನೆ, ಕೆಲಸ ಹೋದರೆ ಹೋಗಲಿ. ನಾನು ಬರುವ ತನಕ ಒಂದೇ ಒಂದು ಸಲ ನನ್ನ ಮಾತು ಕೇಳು. ಆ ಕುರ್ಚಿಯಲ್ಲಿ ಕೂರಬೇಡ. ಅಮ್ಮ ಹೋದಳು, ಚಿಕ್ಕಪ್ಪ ಹೋದ. ನೀನೊಬ್ಬಳು ಇದ್ದೀಯ.

ನಿನ್ನ ರಸೆಲ್

---

ಥಾರ್ನ್‌ಕ್ಲಫ್
೬ ಮಾರ್ಚ್ ೧೯೮೭

ರಸೆಲ್ ಕಂದಾ,

ನೀನು ಇವತ್ತು ಹೊರಟಿರುತ್ತೀಯ. ಈ ಕಾಗದ ನಿನ್ನ ಕೈಗೆ ಸಿಗುವುದಿಲ್ಲವೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಬಂದಾಗ ಮೇಜಿನ ಮೇಲೆ ಇರುತ್ತದೆ, ಓದಿಕೋ. ಎದುರಿಗೆ ನಿಂತು ಹೇಳಲು ನನ್ನಿಂದ ಆಗುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಆ ಅಭ್ಯಾಸ ಇಲ್ಲವಲ್ಲ.

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಚಪ್ಪಡಿ ನಿನ್ನೆಯೇ ಹೋಯಿತು.

ಎದೆ ಹಿಡಿದುಕೊಳ್ಳಬೇಡ, ಬರೆಯುತ್ತಿರುವವಳು ನಾನೇ. ನಿನ್ನೆ ಸಂಜೆ ಎಂದಿನಂತೆ ಕೂತಿದ್ದೆ. ಎರಡು ಬಟ್ಟಲಿಗೂ ಚಹಾ ಸುರಿದಿದ್ದೆ. ಕೆಳಗಿನಿಂದ ಸದ್ದೇ ಇಲ್ಲ. ಅವನು ತಪ್ಪಿಸಿದ್ದು ಅದೇ ಮೊದಲು. ಕೋಪ ಮಾಡಿಕೊಂಡು ಹೊರಟುಹೋದನೇನೋ ಎಂದು ನನಗೆ ಅಳುವೇ ಬಂತು. ಆಗ ಅಡುಗೆಮನೆಯ ಬಾಗಿಲ ಕಡೆ ಕೇಳಿಸಿತು. ಎರಡು ಬೇಗ, ಒಂದು ನಿಧಾನ. ಕೆಳಗಿನಿಂದ ಅಲ್ಲ, ನನ್ನ ಬೆನ್ನ ಹಿಂದೆ, ಬಾಗಿಲಿನ ಹೊಸ್ತಿಲ ಕಲ್ಲಿನ ಮೇಲೆ. ಇಷ್ಟು ಹತ್ತಿರ ಅವನು ಯಾವತ್ತೂ ಬಂದಿರಲಿಲ್ಲ.

"ಬಂದೆ ಇರು ಮಾರಾಯ, ಸೊಂಟ ಹಿಡಿದಿದೆ" ಎಂದು ಎದ್ದೆ. ನಾಲ್ಕು ಹೆಜ್ಜೆ ಹಾಕಿರಬೇಕು. ಹಿಂದೆ ಒಂದು ನಿಟ್ಟುಸಿರು ಬಿಟ್ಟ ಹಾಗಾಯಿತು. ತಿರುಗಿ ನೋಡಿದರೆ ಕುರ್ಚಿ ಇಲ್ಲ. ಬಟ್ಟಲು ಇಲ್ಲ, ಕಂಬಳಿ ಇಲ್ಲ. ಚಪ್ಪಡಿ ಇದ್ದ ಕಡೆ ಕಪ್ಪಗೆ ದುಂಡನೆಯ ಬಾಯಿ. ನೀರಿಗೆ ಬಿದ್ದ ಸದ್ದು ಬರಲು ಎಷ್ಟು ಹೊತ್ತಾಯಿತೆಂದರೆ, ನಾನು ದೇವರ ಪ್ರಾರ್ಥನೆಯನ್ನು ಒಮ್ಮೆ ಪೂರ್ತಿ ಹೇಳಿಕೊಂಡೆ.

ಆಮೇಲೆ ನಗರಸಭೆಯವರು ಬಂದು ಸುತ್ತ ಹಗ್ಗ ಕಟ್ಟಿ, ಹಲಗೆ ಮುಚ್ಚಿ ಹೋದರು. ಕ್ಲಿಫ್ ಕೂಡ ಬಂದ. ಬೀದಿಯ ತುದಿಯಲ್ಲಿ ಮೂರು ದಿನದಿಂದ ಗಾಡಿ ನಿಲ್ಲಿಸಿಕೊಂಡು ಕೂತಿದ್ದನಂತೆ, ಒಳಗೆ ಬರಲು ಧೈರ್ಯ ಸಾಲದೆ. ಹೊಂಡ ನೋಡಿ ಗೋಡೆಗೆ ಒರಗಿಕೊಂಡು ಮಕ್ಕಳ ಹಾಗೆ ಅತ್ತ.

ನಿನ್ನ ಮೇಲೆ ಕೋಪ ಇದೆ. ಇಲ್ಲವೆಂದು ಹೇಳುವುದಿಲ್ಲ. ಬಾವಿ ಮುಚ್ಚಿದ್ದಕ್ಕಿಂತ, ಬಾಯಿ ಮುಚ್ಚಿಕೊಂಡಿದ್ದಕ್ಕೆ. ಆದರೆ ಮೊದಲ ದಿನವೇ ಕಲ್ಲು ಅಲ್ಲಾಡಿದಾಗ ನಾನೂ ಬಾಯಿ ಮುಚ್ಚಿಕೊಂಡೆನಲ್ಲ. "ಏನೋ ಇದು, ಹೀಗಾ ಹಾಸೋದು?" ಎಂದು ಒಂದು ಮಾತು ಕೇಳಿದ್ದರೆ ನೀನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆ. ಹುಡುಗನ ಮನಸ್ಸು ನೋಯುತ್ತದೆಂದು ಚೆನ್ನಾಗಿದೆ ಎಂದೆ. ಇನ್ನು ಹಾಗೆ ಹೇಳುವುದಿಲ್ಲ. ನೀನು ಬಂದು ಎಲ್ಲ ಕಲ್ಲನ್ನೂ ಎತ್ತಿ ಮತ್ತೆ ಹಾಸಬೇಕು. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಕೆಟ್ಟದ್ದನ್ನು ಕೆಟ್ಟದ್ದು ಎನ್ನುತ್ತೇನೆ.

ಇವತ್ತು ಸಂಜೆ ಬಾಗಿಲಲ್ಲಿ ನಿಂತು ತುಂಬ ಹೊತ್ತು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಅವನು ಬಂದದ್ದು ನನ್ನ ಜೊತೆ ಮಾತಾಡಲು ಅಲ್ಲ, ಕೆಲಸಕ್ಕೆ ಬಂದಿದ್ದ. ಅದು ತಿಳಿದು ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಬಟ್ಟಲು ಒಂದೇ ಇಟ್ಟೆ.

ಮತ್ತೊಂದು ವಿಷಯ. ಚಿಕ್ಕಪ್ಪನ ಹಾರೆಯನ್ನು ಜರ್ಮನಿಗೆ ಒಯ್ದಿದ್ದೇನೆ, ದಿನಾ ಬಳಸುತ್ತೇನೆ ಎಂದು ಬರೆದಿದ್ದೆಯಲ್ಲ, ಅದೂ ಸುಳ್ಳೇ ತಾನೇ? ನಿನ್ನೆ ಬಾಗಿಲಿಗೆ ಹೋದಾಗ ಅದು ಹೊಸ್ತಿಲ ಪಕ್ಕ ಗೋಡೆಗೆ ಒರಗಿಕೊಂಡು ನಿಂತಿತ್ತು. ಅವನ ಹೆಸರಿನ ಅಕ್ಷರ, ಹಿಡಿಗೆ ಸುತ್ತಿದ ಚರ್ಮದ ಪಟ್ಟಿ, ಎಲ್ಲ ಹಾಗೇ ಇದೆ. ಚಳಿಗಾಲ ಪೂರ್ತಿ ಅಲ್ಲೇ ಓಡಾಡಿದ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ ಕಾಣೆ. ಸಾಮಾನು ಎತ್ತಿಡು ಎಂದು ಎಷ್ಟು ಸಲ ಹೇಳಿದ್ದೇನೆ ನಿನಗೆ.

ನೀರು ಸೋರುತ್ತಿತ್ತು, ತುದಿಗೆಲ್ಲ ಹಸಿರು ಪಾಚಿ. ಕೈಗೆತ್ತಿಕೊಂಡರೆ ಕಬ್ಬಿಣ ಹಿಮದ ಹಾಗೆ ಕೊರೆಯುತ್ತಿತ್ತು. ಹಿಡಿ ಮಾತ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಬಿಟ್ಟುಹೋದ ಹಾಗೆ. ಒರೆಸಿ, ಎಣ್ಣೆ ಹಚ್ಚಿ, ನಿನ್ನ ಕೋಣೆಯಲ್ಲಿ ಇಟ್ಟಿದ್ದೇನೆ.

ಕಡುಬು ಮಾಡಿದ್ದೇನೆ, ಒಲೆಯಲ್ಲಿದೆ.

ನಿನ್ನ
ಈನಿಡ್ ಚಿಕ್ಕಮ್ಮ